ಒಂದು ಬಿಸಿಲಿಗೆ ಒಣಗುವ ಕೌದಿ

ಮದುವೆಯಾಗಿ ತೀರ್ಥಹಳ್ಳಿ ಕಡೆಯ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ನಾನೊಂದು ಕೌದಿ ಹೊಲಿದೆ. ಬಯಲುಸೀಮೆಯ ನನ್ನ ತವರಿನಲ್ಲಿ ಹೊಲಿಯುತ್ತಿದ್ದ ಹಾಗೆಯೇ ಆರು ಪದರ. ನಡುವೆ ಹಳೆಯ ರಜಾಯಿಯಿಂದ ಬಿಚ್ಚಿದ ಹತ್ತಿ, ಮೇಲೆ ಮಿರಿಮಿರಿ ಮಿಂಚುವ ಪಾಲಿಯೆಸ್ಟರ್ ಸೀರೆಯ ತುಂಡುಗಳು. ನೋಡಿದವರೆಲ್ಲ ಮೆಚ್ಚಿದರು. ಆಷಾಢದಲ್ಲಿ ಅದರ ಮೇಲೆ ಹಾಲು ಚೆಲ್ಲಿತು, ಒಗೆದೆ. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಹತ್ತು ದಿನ ನೇತಾಡಿತು. ಮುಟ್ಟಿದರೆ ಒಣಗಿದಂತೆ ಕಾಣುತ್ತಿತ್ತು, ಒಳಗಿನ ಹತ್ತಿ ಮಾತ್ರ ಒದ್ದೆಯಾಗಿಯೇ ಇತ್ತು. ಹದಿನೈದನೆಯ ದಿನ ಹೊಲಿಗೆಯ ಸಾಲುಗಳ ಉದ್ದಕ್ಕೂ ಕರಿಚುಕ್ಕೆಯ ಬೂಷ್ಟು ಎದ್ದಿತು. ಅತ್ತೆಯವರು ಬೈಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ತೂಕ ನೋಡಿ, "ಇದು ಒಂದು ಬಿಸಿಲಿಗೆ ಒಣಗುವಂಥದ್ದಲ್ಲ ಮಾರಾಯ್ತಿ, ನಮ್ಮ ಊರಿಗೆ ಆಗುವುದಿಲ್ಲ" ಎಂದರು.

ಆ ಮೇಲೆ ನಾನು ಹೊಲಿದ ಪ್ರತಿಯೊಂದು ಕೌದಿಯ ಲೆಕ್ಕವೂ ಆ ಮಾತಿನಿಂದಲೇ ಶುರುವಾಗಿದೆ. ಎಷ್ಟು ಪದರ, ಯಾವ ಬಟ್ಟೆ, ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಯಾವ ತಿಂಗಳಲ್ಲಿ ಹೊಲಿಯಬೇಕು ಎಂಬುದನ್ನೆಲ್ಲ ಇಲ್ಲಿನ ಮಳೆಯೇ ತೀರ್ಮಾನಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೂ ಜುಲೈ ತಿಂಗಳಲ್ಲಿ ದಪ್ಪ ಹೊದಿಕೆ ಒಣಗಿಸುವ ಕಷ್ಟ ಅಲ್ಲಿನವರಿಗೂ ಗೊತ್ತು. ಹಾಗಾಗಿ ಇಲ್ಲಿ ಹೇಳುವುದು ನಾಲ್ಕೇ ಪದರದ, ಹತ್ತಿ ತುಂಬದ, ಪೂರ್ತಿ ಹತ್ತಿ ಬಟ್ಟೆಯ ಕೌದಿಯ ವಿಷಯ. ಚಳಿ ಹೆಚ್ಚಾದರೆ ಅಂಥವನ್ನೇ ಎರಡು ಹೊದೆಯಿರಿ. ಎರಡು ತೆಳು ಕೌದಿಗಳ ನಡುವೆ ನಿಲ್ಲುವ ಗಾಳಿಯೂ ಬೆಚ್ಚಗಿಡುತ್ತದೆ, ಒಗೆದಾಗ ಎರಡೂ ಸಂಜೆಯೊಳಗೆ ಒಣಗುತ್ತವೆ.

ಯಾವಾಗ ಶುರು ಮಾಡುವುದು

ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಗಡಿಬಿಡಿ ಮುಗಿಯುವುದು ಹೆಚ್ಚುಕಡಿಮೆ ಶಿವರಾತ್ರಿಯ ಹೊತ್ತಿಗೆ. ಕೌದಿಗೆ ಅದೇ ಸರಿಯಾದ ಕಾಲ. ಬಟ್ಟೆ ಒಗೆದರೆ ಒಣಗುತ್ತದೆ, ಜಗಲಿಯಲ್ಲಿ ಬೆಳಕಿರುತ್ತದೆ, ಕೈ ಬೆವರುವಷ್ಟು ಸೆಕೆ ಇನ್ನೂ ಬಂದಿರುವುದಿಲ್ಲ. ಶಿವರಾತ್ರಿಗೆ ಹಿಡಿದರೆ ಜೂನ್ ಆರಂಭದ ಮೃಗಶಿರಾ ಮಳೆಗೆ ಮೊದಲು ಮೂರು ತಿಂಗಳು ಸಿಗುತ್ತದೆ. ದಿನಕ್ಕೆ ಒಂದು ಸಾಲು ಹಾಕಿದರೂ ಕೌದಿ ಮುಗಿಯುತ್ತದೆ, ಮುಗಿದದ್ದನ್ನು ಒಮ್ಮೆ ಒಗೆದು ಬಿಸಿಲು ತೋರಿಸಲು ಸಮಯವೂ ಉಳಿಯುತ್ತದೆ. ಮಳೆಗಾಲದಲ್ಲಿ ಹೊಲಿಯಲೇಬಾರದು ಎಂದಲ್ಲ. ಆದರೆ ಥಂಡಿ ಹಿಡಿದ ಬಟ್ಟೆಯ ನಾಲ್ಕು ಪದರಗಳನ್ನು ಒಟ್ಟಿಗೆ ಹೊಲಿದು ಮುಚ್ಚಿದರೆ ಮುಗ್ಗಲು ವಾಸನೆಯನ್ನೂ ಒಳಗಿಟ್ಟೇ ಹೊಲಿದಂತಾಗುತ್ತದೆ.

ಬಟ್ಟೆ ಆರಿಸುವುದು

ಹತ್ತಿ ಬಟ್ಟೆ ಮಾತ್ರ ಬೇಕು. ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಸೇರಿಸಿ ನೇಯ್ದ ಬಟ್ಟೆಯಲ್ಲಿ ಬೂದಿಯ ನಡುವೆ ಗಟ್ಟಿ ಹರಳು ಸಿಗುತ್ತದೆ, ಅದೂ ಬೇಡ. ಪಾಲಿಯೆಸ್ಟರ್ ಬೇಗ ಒಣಗುತ್ತದಲ್ಲ ಎಂದು ನೀವು ಕೇಳಬಹುದು. ಒಣಗುವುದೇನೋ ನಿಜ. ಆದರೆ ಅದು ಬೆವರು ಹೀರುವುದಿಲ್ಲ, ಹೊಲಿಯುವಾಗ ಪಕ್ಕದ ಹತ್ತಿ ಪದರದ ಮೇಲೆ ಜಾರುತ್ತದೆ, ಒಗೆದಾಗ ಹತ್ತಿ ಕುಗ್ಗಿದರೂ ಅದು ಕುಗ್ಗದೆ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತದೆ. ಒಲೆಯ ಪಕ್ಕ ಚಳಿ ಕಾಯಿಸುತ್ತ ಕೂರುವ ಮನೆಗಳಲ್ಲಿ ಕಿಡಿ ಹಾರಿದರೆ ಅದು ಕರಗಿ ಮೈಗೆ ಅಂಟುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ.

ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಸೊಂಟಕ್ಕೆ ಸಿಕ್ಕಿಸುವ ಕಡೆ ಮತ್ತು ಹಿಮ್ಮಡಿಗೆ ತಾಗುವ ಅಂಚಿನ ಹತ್ತಿರ ಬಟ್ಟೆ ಸೋತಿರುತ್ತದೆ, ಅಲ್ಲಿ ಬೆಳಕು ಜರಡಿಯಲ್ಲಿ ಬಂದಂತೆ ಬರುತ್ತದೆ. ಆ ಭಾಗವನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯಿರಿ. ಎಳೆ ಬಿಟ್ಟುಕೊಂಡರೆ ಕನಿಕರ ಬೇಡ, ಕತ್ತರಿಸಿ ಹಾಕಿ. ಸೆರಗಿನ ಒಳಭಾಗ, ನಿರಿಗೆಯ ಮಧ್ಯಭಾಗ ಹತ್ತು ವರ್ಷ ಉಟ್ಟ ಸೀರೆಯಲ್ಲೂ ಗಟ್ಟಿಯಾಗಿರುತ್ತದೆ. ಫಾಲ್ ಬಿಚ್ಚಿಬಿಡಿ. ಗಟ್ಟಿ ಅಂಚಿದ್ದರೆ ಬೇರ್ಪಡಿಸಿ ಸುತ್ತಿಡಿ, ಅದಕ್ಕೆ ಮುಂದೆ ಕೆಲಸವಿದೆ.

ಮೇಲಿನ ತುಂಡುಗಳಿಗೆ ಲುಂಗಿ, ಅಂಗಿಯ ಬೆನ್ನು, ಮಕ್ಕಳ ಲಂಗ, ಹತ್ತಿ ಚೂಡಿದಾರ ಎಲ್ಲವೂ ಆಗುತ್ತವೆ. ಜೀನ್ಸ್ ಬೇಡ, ಅದು ನಾಲ್ಕು ಪದರದಷ್ಟು ನೀರನ್ನು ತಾನೊಂದೇ ಹಿಡಿದಿಡುತ್ತದೆ. ಹಳೆಯದು ಸಾಲದೆ ಬಂದರೆ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಕಟ್‌ಪೀಸ್ ಕೇಳಬಹುದು. ಊರಿನ ದರ್ಜಿಯ ಬಳಿ ಚೂರುಗಳ ಚೀಲ ಇದ್ದೇ ಇರುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿ ತಯಾರಿಸುವ ಕೈಮಗ್ಗದ ಬಟ್ಟೆಗಳು ಕೌದಿಗೆ ಬಹಳ ಚೆನ್ನಾಗಿ ಒಗ್ಗುತ್ತವೆ ಎಂಬುದು ನನ್ನ ಅನುಭವ. ಅವುಗಳ ನೇಯ್ಗೆ ಸಡಿಲ, ಸೂಜಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ.

ಹೊಸದಿರಲಿ ಹಳೆಯದಿರಲಿ, ಕತ್ತರಿ ಹಾಕುವ ಮೊದಲು ಎಲ್ಲವನ್ನೂ ಒಗೆಯಿರಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕೆಂಪು, ನೀಲಿ, ಕಡುಹಸಿರು ಬಟ್ಟೆಗಳ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒತ್ತಿ ಉಜ್ಜಿ. ಬಣ್ಣ ಹತ್ತಿದರೆ ಬಿಡುವುದು ನಿಲ್ಲುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಉಪ್ಪು ನೀರಿನಲ್ಲಿ ನೆನೆಸಿಟ್ಟರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ, ಅದನ್ನು ನಂಬಿ ಬಿಳಿಯ ಪಕ್ಕ ಕೆಂಪು ಇಡಬೇಡಿ. ಬಣ್ಣ ಹಾಕುವಾಗ ಉಪ್ಪು ಸಹಾಯ ಮಾಡುತ್ತದೆಯೇ ಹೊರತು ಆಮೇಲೆ ಬಿಡುವ ಬಣ್ಣವನ್ನು ಅದು ತಡೆಯುವುದಿಲ್ಲ.

ಮೊದಲು ಒಂದು ಮಸಿಬಟ್ಟೆ

ಸೂಜಿ ಹಿಡಿದು ಅಭ್ಯಾಸ ಇಲ್ಲದವರು ನೇರ ಕೌದಿಗೆ ಕೈ ಹಾಕಬೇಡಿ. ಒಂದು ಗೇಣು ಚೌಕದ, ಅಂದರೆ ಸುಮಾರು 9 ಇಂಚಿನ ಮಸಿಬಟ್ಟೆ ಹೊಲಿಯಿರಿ. ಹಳೆಯ ಪಂಚೆಯ ನಾಲ್ಕು ಪದರ ಸಾಕು. ಅಂಚುಗಳನ್ನು ಒಳಗೆ ಮಡಚಿ ಸುತ್ತಲೂ ಒಂದು ಸಾಲು, ಆಮೇಲೆ ಅರ್ಧ ಇಂಚಿಗೊಂದು ಸಾಲು. ಕೌದಿಗಿಂತ ಇಲ್ಲಿ ಸಾಲುಗಳು ಒತ್ತಾಗಿರಲಿ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯ ಪದರಗಳು ಜಾರಬಾರದು. ಅದನ್ನು ಮುಗಿಸುವ ಹೊತ್ತಿಗೆ ದಾರ ಎಷ್ಟು ಎಳೆದರೆ ಬಟ್ಟೆ ಸುಕ್ಕುತ್ತದೆ ಎಂಬುದು ಬೆರಳಿಗೆ ಗೊತ್ತಾಗಿರುತ್ತದೆ. ಇಂಥ ಮೂರು ಹೊಲಿದವರಿಗೆ ಕೌದಿ ಕಷ್ಟವಲ್ಲ. ಅಡುಗೆಮನೆಯಲ್ಲಿ ಮಸಿಬಟ್ಟೆ ಎಂದೂ ಹೆಚ್ಚಾಗುವುದೂ ಇಲ್ಲ.

ಎರಡು ಸೀರೆಯ ಲೆಕ್ಕ

ಒಬ್ಬರು ಹೊದೆಯುವ 51 ಇಂಚು ಅಗಲ, 81 ಇಂಚು ಉದ್ದದ ಕೌದಿಗೆ ಲೆಕ್ಕ ಹೇಳುತ್ತೇನೆ. ಐದೂವರೆ ಮೀಟರ್ ಸೀರೆ ಎಂದರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ. ಕೌದಿಗೆ ಅಡಿಯ ಪದರ ಒಂದು, ನಡುವಿನ ಪದರ ಎರಡು, ಮೇಲೆ ತುಂಡುಗಳ ಪದರ ಒಂದು. ಮೊದಲ ಮೂರಕ್ಕೆ ಎರಡು ಸೀರೆ ಸಾಕು.

ಗಟ್ಟಿಯಾದ ಸೀರೆಯನ್ನು ಅಡಿಗೆ ಇಡಿ. ಅದರಿಂದ 54 ಇಂಚಿನ ಎರಡು ತುಂಡು, 51 ಇಂಚಿನ ಒಂದು ತುಂಡು ಕತ್ತರಿಸಿ. ಇನ್ನೊಂದು ಸೀರೆಯಿಂದ 51 ಇಂಚಿನ ಮೂರು ತುಂಡು. ಎರಡರಲ್ಲೂ 55 ಇಂಚಿಗಿಂತ ಹೆಚ್ಚು ಉಳಿಯುತ್ತದೆ, ಸೋತ ಭಾಗ ಕತ್ತರಿಸಿ ಹಾಕುವುದಕ್ಕೆ ಆ ಉಳಿಕೆ ಬೇಕು. ಈಗ ಎರಡೆರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಅರ್ಧ ಇಂಚು ಮಾರ್ಜಿನ್ ಬಿಟ್ಟು ಹೊಲಿಯಿರಿ. 89 ಇಂಚು ಉದ್ದದ ಮೂರು ಹಾಳೆಗಳು ಸಿಗುತ್ತವೆ. ಅಡಿಯದ್ದನ್ನು 84 ಇಂಚಿಗೆ, ನಡುವಿನ ಎರಡನ್ನು 81 ಇಂಚಿಗೆ ಇಳಿಸಬೇಕು.

ಇಳಿಸುವಾಗ ಒಂದು ಜಾಗ್ರತೆ ಬೇಕು. ಮೂರು ಹಾಳೆಗೂ ಮಧ್ಯದಲ್ಲೇ ಕೂಡುಹೊಲಿಗೆ ಇರುತ್ತದೆ. ಎರಡೂ ತುದಿಯಿಂದ ಸಮನಾಗಿ ಕತ್ತರಿಸಿದರೆ ಆ ಮೂರೂ ಒಂದರ ಮೇಲೊಂದು ಕೂತು ಕೌದಿಯ ನಟ್ಟನಡುವೆ ಹಗ್ಗ ಹಾಕಿದಂತೆ ಉಬ್ಬುತ್ತದೆ. ಒಣಗುವಾಗ ಕೊನೆಗೆ ಉಳಿಯುವ ಒದ್ದೆಯೂ ಅಲ್ಲೇ. ಹಾಗಾಗಿ ನಡುವಿನ ಒಂದು ಹಾಳೆಯಲ್ಲಿ ಎಂಟು ಇಂಚನ್ನು ತಲೆಯ ಕಡೆಯಿಂದ, ಇನ್ನೊಂದರಲ್ಲಿ ಕಾಲಿನ ಕಡೆಯಿಂದ ಕತ್ತರಿಸಿ. ಕೂಡುಹೊಲಿಗೆಗಳು ನಾಲ್ಕು ಇಂಚು ಅತ್ತ ಇತ್ತ ಸರಿದು ಕೂರುತ್ತವೆ.

ಮೇಲಿನ ಚೌಕಗಳು

ಐದು ಅಡ್ಡಕ್ಕೆ, ಎಂಟು ಉದ್ದಕ್ಕೆ, ಒಟ್ಟು 40 ಚೌಕ. ಒಂದೊಂದನ್ನೂ 11 ಇಂಚಿಗೆ ಕತ್ತರಿಸಿ, ಅರ್ಧ ಇಂಚು ಮಾರ್ಜಿನ್ ಹೋಗಿ 10 ಇಂಚು ಕಾಣುತ್ತದೆ. ರಟ್ಟಿನಲ್ಲಿ ಒಂದು ಅಚ್ಚು ಮಾಡಿಟ್ಟುಕೊಂಡು ಅದರ ಸುತ್ತಲೂ ಗೆರೆ ಎಳೆಯುವುದು ಟೇಪಿನಲ್ಲಿ ಅಳೆಯುವುದಕ್ಕಿಂತ ನಂಬಿಕಸ್ಥ. ಎಳೆಯ ನೇರಕ್ಕೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಚೌಕ ಹೊಲಿಯುವಾಗ ಹಿಗ್ಗಿ, ಸಾಲಿನ ಕೊನೆಗೆ ಅರ್ಧ ಇಂಚು ಹೆಚ್ಚಾಗಿ ನಿಲ್ಲುತ್ತದೆ.

ಕಡು ಬಣ್ಣದ 20, ತಿಳಿ ಬಣ್ಣದ 20 ಮಾಡಿ ಚದುರಂಗದ ಮಣೆಯಂತೆ ಜೋಡಿಸುವುದು ಸುಲಭದ ದಾರಿ. ನೆಲದ ಮೇಲೆ ಹರಡಿ, ಕುರ್ಚಿ ಹತ್ತಿ ಮೇಲಿನಿಂದ ನೋಡಿ. ಕಣ್ಣು ಒಂದೇ ಚೌಕದ ಮೇಲೆ ನಿಂತರೆ ಅದನ್ನು ಮೂಲೆಗೆ ಕಳಿಸಿ. ಅಡ್ಡ ಸಾಲುಗಳನ್ನು ಮೊದಲು ಹೊಲಿದು ಇಸ್ತ್ರಿ ಹಾಕಿ. ಮೊದಲ ಸಾಲಿನ ಮಾರ್ಜಿನ್‌ಗಳನ್ನು ಬಲಕ್ಕೆ, ಎರಡನೆಯದನ್ನು ಎಡಕ್ಕೆ, ಹೀಗೆ ಒಂದು ಬಿಟ್ಟೊಂದು ಮಡಚಿ ಒತ್ತಿ. ಸಾಲಿಗೆ ಸಾಲು ಕೂಡಿಸುವಾಗ ಎರಡು ಮಾರ್ಜಿನ್‌ಗಳು ಒಂದನ್ನೊಂದು ಕಚ್ಚಿಕೊಂಡು ನಾಲ್ಕು ಮೂಲೆಗಳೂ ಒಂದೇ ಬಿಂದುವಿಗೆ ಬರುತ್ತವೆ, ಗಂಟಿನಂತೆ ದಪ್ಪವೂ ಆಗುವುದಿಲ್ಲ.

ಪದರ ಹಾಸುವುದು

ಕೌದಿ ಕೆಡುವುದಿದ್ದರೆ ಕೆಡುವುದು ಇಲ್ಲೇ. ಹೊಲಿಗೆ ಸೊಟ್ಟಗಾದರೆ ಬಿಚ್ಚಬಹುದು, ಹಾಸುವಾಗ ಸುಕ್ಕು ಉಳಿದರೆ ಅದು ಕೊನೆಯವರೆಗೂ ಉಳಿಯುತ್ತದೆ. ಅರ್ಧ ದಿನವನ್ನು ಇದಕ್ಕೆಂದೇ ಇಟ್ಟುಕೊಳ್ಳಿ, ಇನ್ನೊಬ್ಬರನ್ನು ಜೊತೆಗೆ ಕರೆಯಿರಿ.

ಜಗಲಿಯ ಗಾರೆ ನೆಲವನ್ನು ಒರೆಸಿ ಒಣಗಲು ಬಿಡಿ. ಅಡಿಯ ಹಾಳೆಯನ್ನು ಒಳಮೈ ಮೇಲೆ ಬರುವಂತೆ ಹರಡಿ. ನಾಲ್ಕು ಮೂಲೆಗೂ ಭಾರ ಬೇಕು. ನಮ್ಮ ಮನೆಯಲ್ಲಿ ಎರಡು ಮಣೆ, ಒಂದು ಗುಂಡುಕಲ್ಲು, ನೀರು ತುಂಬಿದ ಒಂದು ತಾಮ್ರದ ಚೊಂಬು ಬರುತ್ತವೆ. ಬಿಗಿಯಾಗಿ ಎಳೆಯಬೇಡಿ, ನೇರವಾಗಿ ಕೂತರೆ ಸಾಕು. ಎಳೆದು ಕೂರಿಸಿದ ಬಟ್ಟೆ ಭಾರ ತೆಗೆದೊಡನೆ ಹಿಂದಕ್ಕೆ ಸರಿಯುತ್ತದೆ, ಮೇಲಿನ ಪದರ ಮಾತ್ರ ಸಡಿಲವಾಗಿ ನಿಲ್ಲುತ್ತದೆ. ಕೈ ಒದ್ದೆ ಮಾಡಿಕೊಂಡು ಹಗುರವಾಗಿ ನೀರು ಚಿಮುಕಿಸಿ, ಅಂಗೈಯಿಂದ ಮಧ್ಯದಿಂದ ಹೊರಕ್ಕೆ ಸವರುತ್ತ ಬನ್ನಿ. ಹಳೆಯ ಸೀರೆ ಆ ಒಂದಿಷ್ಟು ಪಸೆಗೆ ನೆಲಕ್ಕೆ ಅಂಟಿಕೊಂಡಂತೆ ಕೂರುತ್ತದೆ. ಆ ಪಸೆ ಪೂರ್ತಿ ಆರಿದ ಮೇಲೆಯೇ ಮುಂದಿನ ಹಾಳೆ. ನಡುವಿನ ಎರಡು ಹಾಳೆಗಳು ಅಡಿಯದಕ್ಕಿಂತ ಎಲ್ಲ ಕಡೆ ಒಂದೂವರೆ ಇಂಚು ಒಳಗಿರಬೇಕು. ಅವುಗಳ ಮೇಲೆ ಚೌಕಗಳ ಪದರ.

ಇನ್ನು ಕಚ್ಚಾ ಹೊಲಿಗೆ. ಉದ್ದ ಸೂಜಿ, ಎದ್ದು ಕಾಣುವ ಬಣ್ಣದ ದಾರ, ಎರಡೆರಡು ಇಂಚಿನ ಉದ್ದುದ್ದ ಹೊಲಿಗೆ. ಮಧ್ಯದಿಂದ ಶುರು ಮಾಡಿ ನಾಲ್ಕೂ ಅಂಚಿಗೆ, ಆಮೇಲೆ ನಾಲ್ಕೂ ಮೂಲೆಗೆ, ಅವುಗಳ ನಡುವೆ ಆರೇಳು ಇಂಚಿಗೊಂದರಂತೆ ತುಂಬುತ್ತ ಹೋಗಿ. ಅಂಚಿನಿಂದ ಒಳಕ್ಕೆ ಬಂದರೆ ಹೆಚ್ಚಾದ ಬಟ್ಟೆಗೆ ಹೋಗಲು ದಾರಿಯಿಲ್ಲದೆ ಮಧ್ಯದಲ್ಲಿ ಉಬ್ಬುತ್ತದೆ. ಈ ಹೊಲಿಗೆಯನ್ನು ಕೊನೆಗೆ ಕಿತ್ತು ಹಾಕುತ್ತೇವೆ ಎಂದು ಉದಾಸೀನ ಬೇಡ. ಮುಗಿದ ಮೇಲೆ ನೆಲದಿಂದ ಎತ್ತಿ, ತಿರುಗಿಸಿ, ಅಡಿಯ ಪದರದಲ್ಲಿ ಎಲ್ಲಾದರೂ ಮಡಿಕೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಆ ಭಾಗ ಬಿಚ್ಚಿ ಮತ್ತೆ ಹಾಸಿ.

ಸೂಜಿ, ದಾರ, ಸಾಲು

ಗೋಣಿಚೀಲ ಹೊಲಿಯುವ ದಬ್ಬಳ ಕೌದಿಗೆ ಬೇಡ, ಅದು ಬಟ್ಟೆಯ ಎಳೆಯನ್ನೇ ಕತ್ತರಿಸಿ ತೂತು ಮಾಡುತ್ತದೆ. ಗಟ್ಟಿಯಾದ, ಎರಡು ಇಂಚಿನ ಸಾಧಾರಣ ಸೂಜಿ, ದಾರ ಸರಾಗವಾಗಿ ಹೋಗುವಷ್ಟು ದೊಡ್ಡ ಕಣ್ಣು. ದಾರವೂ ಹತ್ತಿಯದ್ದೇ ಆಗಿರಲಿ. ಬಟ್ಟೆಗಿಂತ ಗಟ್ಟಿಯಾದ ನೈಲಾನ್ ದಾರ ಹಾಕಿದರೆ ವರ್ಷಗಳ ನಂತರ ದಾರ ಉಳಿದು ಬಟ್ಟೆ ಸಿಗಿಯುತ್ತದೆ. ದಾರ ಹರಿದರೆ ಇನ್ನೊಮ್ಮೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆ ಹಾಕಬೇಕು. ನಡುಬೆರಳಿಗೆ ಲೋಹದ ಟೊಪ್ಪಿ ತೊಡಿ, ಇಲ್ಲದಿದ್ದರೆ ಎರಡು ದಿನಕ್ಕೆ ಬೆರಳು ತೂತಾಗುತ್ತದೆ.

ದಾರದ ಉದ್ದ ಒಂದು ಮೊಳ, ಹೆಚ್ಚೆಂದರೆ ಒಂದೂವರೆ. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಮಾರುದ್ದ ತೆಗೆದುಕೊಂಡರೆ ಅದು ತಿರುಚಿ ಗಂಟು ಬೀಳುತ್ತದೆ, ನಾಲ್ಕು ಪದರದ ಮೂಲಕ ನೂರಾರು ಬಾರಿ ಎಳೆದಾಗ ಸವೆದು ನವಿರೆದ್ದು ಹರಿಯುತ್ತದೆ. ತುಡುವೆ ಜೇನಿನ ಮೇಣದ ಉಂಡೆ ಸಿಕ್ಕರೆ ದಾರವನ್ನು ಅದರ ಮೇಲೆ ಎರಡು ಬಾರಿ ಎಳೆಯಿರಿ. ದಾರ ಸಿಕ್ಕುವುದು ಕಡಿಮೆಯಾಗುತ್ತದೆ. ಸೂಜಿ ಹಿಡಿದುಕೊಂಡಂತಾದರೆ ಅತ್ತೆಯವರು ಅದನ್ನು ತಲೆಗೂದಲಿನೊಳಗೆ ಒಮ್ಮೆ ಸರಿದಾಡಿಸುತ್ತಿದ್ದರು, ಕೂದಲ ಎಣ್ಣೆ ಅಷ್ಟೇ ಸಾಕಾಗುತ್ತಿತ್ತು. ನಾನೂ ಹಾಗೆಯೇ ಮಾಡುತ್ತೇನೆ.

ಸಾಲುಗಳು ಉದ್ದಕ್ಕೆ, ಒಂದೊಂದು ಇಂಚಿಗೆ. ಮೊದಲನೆಯದು ಅಂಚಿನಿಂದ ಸರಿಯಾಗಿ ಒಂದು ಇಂಚು ಒಳಗೆ ಬರಲಿ. ಹೀಗೆ ಮಾಡಿದರೆ ಒಟ್ಟು 50 ಸಾಲು ಬರುತ್ತದೆ, ಚೌಕಗಳ ಉದ್ದದ ಕೂಡುಹೊಲಿಗೆಗಳು ಪ್ರತಿ ಸಲವೂ ಎರಡು ಸಾಲುಗಳ ನಟ್ಟನಡುವೆ ಬೀಳುತ್ತವೆ, ಸೂಜಿ ಎಲ್ಲೂ ಆ ದಪ್ಪದ ಉದ್ದಕ್ಕೆ ಒದ್ದಾಡಬೇಕಾಗಿಲ್ಲ. ಒಂದು ಇಂಚೇ ಏಕೆ ಎಂದರೆ, ಅರ್ಧ ಇಂಚಿಗೆ ಹಾಕಿದರೆ ಕೌದಿ ಚೆಂದ ಕಾಣುತ್ತದೆ, ಆದರೆ ಪದರಗಳು ಒತ್ತಿಕೊಂಡು ಗಡುಸಾಗಿ ನಿಧಾನ ಒಣಗುತ್ತದೆ. ಎರಡು ಇಂಚಿಗಿಂತ ಹೆಚ್ಚು ಬಿಟ್ಟರೆ ಒದ್ದೆಯಾದಾಗ ಒಳಪದರಗಳು ಜೋತು ಬೀಳುತ್ತವೆ. ಗೆರೆಗೆ ದಾರಕ್ಕೆ ರಂಗೋಲಿ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಹಿಡಿದು, ಮಧ್ಯದಲ್ಲಿ ಎತ್ತಿ ಬಿಡಿ. ನೇರ ಗೆರೆ ಬೀಳುತ್ತದೆ, ಕೊಡವಿದರೆ ಹೋಗುತ್ತದೆ. ಅರಿಸಿನ, ಕುಂಕುಮ ಮಾತ್ರ ಬೇಡ.

ಈಗ ಹೊಲಿಗೆ. ದಾರದ ತುದಿಗೆ ಸಣ್ಣ ಗಂಟು ಹಾಕಿ, ಶುರು ಮಾಡಬೇಕಾದ ಜಾಗದಿಂದ ಒಂದು ಇಂಚು ಆಚೆ ಮೇಲಿನ ಪದರಕ್ಕೆ ಮಾತ್ರ ಸೂಜಿ ಚುಚ್ಚಿ, ಒಳಗೊಳಗೇ ತಂದು ಗೆರೆಯ ಮೇಲೆ ಹೊರತೆಗೆಯಿರಿ. ಮೆಲ್ಲಗೆ ಜಗ್ಗಿದರೆ ಟಕ್ಕೆಂದು ಗಂಟು ಒಳಗೆ ಹೋಗಿ ಪದರಗಳ ನಡುವೆ ಕೂರುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ, ಮೈಗೆ ಚುಚ್ಚುವುದಿಲ್ಲ. ಎಡಗೈ ಕೌದಿಯ ಅಡಿಯಲ್ಲಿರಲಿ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಾಗಿದ್ದು ಗೊತ್ತಾದ ಕೂಡಲೇ ಆ ಬೆರಳಿನಿಂದಲೇ ಬಟ್ಟೆಯನ್ನು ತುಸು ಮೇಲೊತ್ತಿ ಮೊನೆಯನ್ನು ಮೇಲಕ್ಕೆ ತಿರುಗಿಸಿ. ಮೊನೆ ತಾಗಲಿಲ್ಲವೆಂದರೆ ನಾಲ್ಕನೆಯ ಪದರ ಸಿಕ್ಕಿಲ್ಲ ಎಂದೇ ಅರ್ಥ. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಪೋಣಿಸಿಕೊಂಡು ಒಟ್ಟಿಗೆ ಎಳೆಯಿರಿ. ಒಂದೊಂದು ಹೊಲಿಗೆ ಅಕ್ಕಿ ಕಾಳಿನಷ್ಟು, ನಡುವಿನ ಜಾಗವೂ ಅಷ್ಟೇ. ದಾರದ ಕೆಳಗೆ ಬಟ್ಟೆ ಸಣ್ಣಗೆ ಕುಳಿ ಬೀಳುವಷ್ಟು ಎಳೆದರೆ ಸರಿ, ಪಕ್ಕದಲ್ಲಿ ನೆರಿಗೆ ಕಂಡರೆ ಹೆಚ್ಚಾಯಿತು. ಪ್ರತಿ ಗೇಣಿಗೊಮ್ಮೆ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಸವರಿ, ಬಿಗಿ ಎಲ್ಲ ಕಡೆ ಹಂಚಿಕೊಳ್ಳುತ್ತದೆ. ದಾರ ಮುಗಿಯುವಾಗ ಕೊನೆಯ ಹೊಲಿಗೆಯ ಮೇಲೆಯೇ ಇನ್ನೆರಡು ಬಾರಿ ಹಾಕಿ, ಉಳಿದ ತುದಿಯನ್ನು ಪದರದೊಳಗೆ ಒಂದು ಇಂಚು ಓಡಿಸಿ ಕತ್ತರಿಸಿ.

50 ಸಾಲಿಗೆ ನೇರ ಅಳತೆಯಲ್ಲೇ 100 ಮೀಟರ್‌ಗಿಂತ ಸ್ವಲ್ಪ ಹೆಚ್ಚು ದಾರ ಬೇಕು. ಏರಿಳಿತ, ತುದಿಗಳ ಲೆಕ್ಕ ಸೇರಿಸಿ ಒಂದೇ ಬಣ್ಣದ 150 ಮೀಟರ್ ಇಟ್ಟುಕೊಂಡು ಕೂರಿ. ನನಗೆ ಒಂದು ಸಾಲಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಹೊಸಬರಿಗೆ ಮುಕ್ಕಾಲು ಗಂಟೆ ಬೇಕಾದೀತು. ಮಧ್ಯದ ಸಾಲಿನಿಂದ ಶುರು ಮಾಡಿ ಒಂದು ಎಡಕ್ಕೆ, ಒಂದು ಬಲಕ್ಕೆ ಹೋಗಿ. ಎದ್ದು ಹೋಗುವಾಗ ಸೂಜಿಯನ್ನು ಕೌದಿಯಲ್ಲಿ ಚುಚ್ಚಿಡಬೇಡಿ. ನಮ್ಮ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಗುರುತು ಬೀಳಬಹುದು, ಆ ಗುರುತು ಸುಲಭಕ್ಕೆ ಹೋಗುವುದಿಲ್ಲ. ಎಣಿಸಿ ತೆಗೆದ ಸೂಜಿಗಳನ್ನು ಎಣಿಸಿಯೇ ಡಬ್ಬಿಗೆ ಹಾಕಿ.

ಅಂಚು ಕಟ್ಟುವುದು

ಅಡಿಯ ಪದರ ಎಲ್ಲ ಕಡೆ ಒಂದೂವರೆ ಇಂಚು ಹೊರಗಿದೆಯಲ್ಲ, ಅದನ್ನು ಅರ್ಧಕ್ಕೆ ಮಡಚಿ ಕೌದಿಯ ಅಂಚಿಗೆ ತಂದು, ಮತ್ತೊಮ್ಮೆ ಮೇಲಕ್ಕೆ ಮಡಚಿ. ಮುಕ್ಕಾಲು ಇಂಚಿನ ಪಟ್ಟಿಯಾಗುತ್ತದೆ. ಮೂಲೆಯಲ್ಲಿ ಮೊದಲು ತುದಿಯನ್ನು ಓರೆಯಾಗಿ ಒಳಗೆ ಮಡಚಿ, ಆಮೇಲೆ ಎರಡೂ ಬದಿ ಮಡಚಿದರೆ ಚಿತ್ರದ ಚೌಕಟ್ಟಿನಂತೆ ಕೂಡುತ್ತದೆ. ಸಣ್ಣ ಹೊಲಿಗೆಯಲ್ಲಿ ಕಟ್ಟಿ. ತೆಗೆದಿಟ್ಟ ಸೀರೆಯ ಅಂಚಿಗೆ ಈಗ ಕೆಲಸ. ಬಹಳ ದಪ್ಪವಿಲ್ಲದಿದ್ದರೆ ಅದನ್ನು ತಲೆಯ ಕಡೆಗೆ ಮಾತ್ರ ಪಟ್ಟಿಯಾಗಿ ಇಡಿ. ಗಲ್ಲಕ್ಕೆ ತಾಗಿ ಮೊದಲು ಸವೆಯುವುದು ಅಲ್ಲೇ, ಕತ್ತಲೆಯಲ್ಲಿ ತಲೆಯ ಕಡೆ ಯಾವುದೆಂದೂ ಕೈಗೆ ಗೊತ್ತಾಗುತ್ತದೆ.

ಪಕ್ಕದ ಜಿಲ್ಲೆಯ ಇನ್ನೊಂದು ಬಗೆ

ಸೊರಬ, ಸಾಗರ ದಾಟಿ ಉತ್ತರ ಕನ್ನಡಕ್ಕೆ ಹೋದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ನೋಡಬಹುದು. ಆಫ್ರಿಕಾ ಮೂಲದ ಆ ಸಮುದಾಯದ ಹೊಲಿಗೆಯಲ್ಲಿ ಚೌಕಗಳನ್ನು ಮೊದಲೇ ಜೋಡಿಸುವ ಕೆಲಸವೇ ಇಲ್ಲ. ಸೀರೆಯೊಂದನ್ನು ಅಡಿಗೆ ಇಟ್ಟುಕೊಂಡು, ಮೂಲೆಯಿಂದ ಶುರು ಮಾಡಿ, ಸಿಕ್ಕ ಅಳತೆಯ ತುಂಡುಗಳ ಅಂಚು ಒಳಮಡಚಿ ಇಡುತ್ತ, ಸುತ್ತಿ ಸುತ್ತಿ ಮಧ್ಯಕ್ಕೆ ಹೊಲಿಯುತ್ತ ಬರುತ್ತಾರೆ. ಜೋಡಣೆ, ಹೊಲಿಗೆ ಎರಡೂ ಒಂದೇ ದಾರದಲ್ಲಿ ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಇಡುತ್ತಾರೆ, ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ಣವಲ್ಲ. ಕೈ ಪಳಗಿದ ಮೇಲೆ ನೀವೂ ಹೀಗೆ ಒಂದು ಹೊಲಿದು ನೋಡಿ. ಅಚ್ಚಿನ ರಟ್ಟು ಬೇಡ, ಗೆರೆ ಬೇಡ, ಹಿಂದಿನ ಸಾಲೇ ಮುಂದಿನ ಸಾಲಿಗೆ ಗೆರೆ. ನನಗೆ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇದೇ. ಹಾಗೆ ಹೊಲಿಯುವಾಗ ಅದನ್ನು ಅವರ ವಿದ್ಯೆ ಎಂದು ಹೇಳುವುದನ್ನು ಮರೆಯಬಾರದು.

ಯಂತ್ರದಲ್ಲಿ ಹೊಲಿಯುವವರಿಗೆ

ಚೌಕಗಳ ಜೋಡಣೆಗೆ ಯಂತ್ರವೇ ಒಳ್ಳೆಯದು. ನಾಲ್ಕು ಪದರಕ್ಕೂ ಬಳಸುವುದಾದರೆ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್‌ಗೆ ಇಡಿ, ಪಾದದ ಒತ್ತಡ ತುಸು ಸಡಿಲಿಸಿ. ಉಳಿದ ಚೂರುಗಳ ನಾಲ್ಕು ಪದರ ಮಾಡಿ ಮೊದಲು ಪರೀಕ್ಷಿಸಿ. ಎಲ್ಲ ಸಾಲುಗಳನ್ನೂ ಒಂದೇ ದಿಕ್ಕಿನಿಂದ ಹೊಲಿಯಿರಿ. ಒಂದು ಹೋಗುವಾಗ, ಒಂದು ಬರುವಾಗ ಹೊಲಿದರೆ ಪಾದವು ಮೇಲಿನ ಪದರವನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಳ್ಳಿ ಅಲೆ ಬೀಳುತ್ತದೆ. ಕೌದಿಯ ಉಳಿದ ಭಾಗವನ್ನು ಚಾಪೆಯಂತೆ ಸುತ್ತಿ ಯಂತ್ರದ ಕೈಯ ಕೆಳಗೆ ತೂರಿಸಿ, ಅದರ ಭಾರ ಮೇಜಿನ ಮೇಲೇ ಇರಲಿ.

ತೊಟ್ಟಿಲ ಮಗುವಿಗೆ

30ಕ್ಕೆ 40 ಇಂಚು ಸಾಕು, ಪದರ ಮೂರೇ ಇರಲಿ. ಬಹಳ ಸಲ ಒಗೆದು ಮೆತ್ತಗಾದ ಪಂಚೆ, ಸೀರೆಯೇ ಇದಕ್ಕೆ ಶ್ರೇಷ್ಠ. ಗುಂಡಿ, ಮಣಿ, ಕುಚ್ಚು, ಜರಿ ಏನೂ ಬೇಡ. ಇದನ್ನು ಮಗುವಿನ ಅಡಿಗೆ ಹಾಸಿ, ಎತ್ತಿಕೊಂಡಾಗ ಸುತ್ತಿ. ಒಂದು ವರ್ಷದೊಳಗಿನ ಮಗು ಒಂಟಿಯಾಗಿ ಮಲಗಿರುವಾಗ ಯಾವ ಹೊದಿಕೆಯನ್ನೂ ಸಡಿಲವಾಗಿ ಹೊದೆಸಿ ಬಿಡಬೇಡಿ, ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಮಗುವಿನ ಬಟ್ಟೆಯ ಪೆಟ್ಟಿಗೆಗೆ ಡಾಂಬರ್ ಗುಳಿಗೆಯನ್ನೂ ಹಾಕಬಾರದು. ಅದರಲ್ಲಿರುವ ನ್ಯಾಫ್ತಲೀನ್ ಎಳೆಗೂಸುಗಳ ರಕ್ತಕಣಗಳನ್ನು ಒಡೆಯಬಲ್ಲದು.

ಒಗೆಯುವುದು, ಒಣಗಿಸುವುದು

ಕಚ್ಚಾ ಹೊಲಿಗೆ ಕಿತ್ತು, ಮೊದಲ ಸಲ ತಣ್ಣೀರಿನಲ್ಲಿ ಒಗೆಯಿರಿ. ಅಂಟುವಾಳ ಕಾಯಿಯ ನೊರೆ ಬಣ್ಣಕ್ಕೆ ಮೃದು. ಕಲ್ಲಿಗೆ ಬಡಿಯಬೇಡಿ, ಹಿಂಡುವಾಗ ಹಗ್ಗದಂತೆ ತಿರುಚಬೇಡಿ. ಮಡಚಿ, ಮಂಡಿಯಿಂದ ಒತ್ತಿ ನೀರು ಇಳಿಸಿ. ಬಾಳೆಯ ಕರೆ, ಅಡಿಕೆಯ ಚೊಗರು ಹತ್ತಿದರೆ ಹೋಗುವುದಿಲ್ಲ, ಅದರ ಮೇಲೊಂದು ತೇಪೆ ಹಾಕುವುದೇ ಸರಿ.

ಒಂದೇ ಗಳದ ಮೇಲೆ ಮಡಚಿ ಹಾಕಿದರೆ ಮಡಿಕೆಯ ಜಾಗ ಒಣಗುವುದಿಲ್ಲ. ಎರಡು ಗಳಗಳನ್ನು ಮಾರುದ್ದ ಅಂತರದಲ್ಲಿ ಕಟ್ಟಿ ಅವುಗಳ ಮೇಲೆ ಚಪ್ಪರದಂತೆ ಹರಡಿ, ಅಡಿಯಿಂದಲೂ ಗಾಳಿ ಆಡುತ್ತದೆ. ಕಡು ಬಣ್ಣದ ಮೇಲ್ಮೈ ಕೆಳಗಿರಲಿ. ಬೆಳಿಗ್ಗೆ ಒಂಬತ್ತಕ್ಕೆ ಹರಡಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಮಗುಚಿ. ನಾಲ್ಕು ಗಂಟೆಗೆ, ಬಿಸಿಲು ಇಳಿದು ಕೌದಿಯ ಬಿಸಿ ಆರಿದ ಮೇಲೆ, ನಾಲ್ಕು ಚೌಕಗಳ ಮೂಲೆ ಕೂಡುವ ಒಂದು ಜಾಗವನ್ನು ಎತ್ತಿ ಕೆನ್ನೆಗೆ ಒತ್ತಿ ಹಿಡಿಯಿರಿ. ಬಿಸಿ ಬಟ್ಟೆಯಲ್ಲಿ ಪಸೆ ಗೊತ್ತಾಗುವುದಿಲ್ಲ, ಬೆರಳೂ ಮೋಸ ಹೋಗುತ್ತದೆ, ಕೆನ್ನೆ ಹೋಗುವುದಿಲ್ಲ. ತಣ್ಣಗೆ ಎನಿಸಿದರೆ ಒಳಗೆ ಇನ್ನೂ ನೀರಿದೆ, ಪೆಟ್ಟಿಗೆಗೆ ಹಾಕದೆ ನಾಳೆಯ ಬಿಸಿಲಿಗೆ ಮತ್ತೆ ಹರಡಿ. ಇಲ್ಲವಾದರೆ ಮಡಚಿ, ನಡುವೆ ಲಾವಂಚದ ಬೇರು ಅಥವಾ ಚೆನ್ನಾಗಿ ಒಣಗಿದ ಬೇವಿನೆಲೆಯ ಸಣ್ಣ ಗಂಟು ಇಟ್ಟು, ಗೋಡೆಗೆ ತಾಗದ ಪೆಟ್ಟಿಗೆಯಲ್ಲಿಡಿ. ಮಳೆಗಾಲದ ನಡುವೆ ಹೊಳಪು ಬಂದ ದಿನ ಹೊರತೆಗೆದು, ಮಡಿಕೆ ಬದಲಿಸಿ, ಮತ್ತೆ ಕೆನ್ನೆಗೆ ಒತ್ತಿ ನೋಡಿ.